ಅರಿಶಿನದ ಅಭಿಮಾನವೂ ಧನುರ್ವಾಯುವೂ

"ಅರಿಶಿನವೆಂದರೆ ರೋಗಾಣುಗಳಿಗೆ ಯಮ" ಎಂಬ ಮಾತು ನಮ್ಮ ತರೀಕೆರೆಯ ಸೀಮೆಯಲ್ಲಿ ಹಿಂದೆ ಜಗಲಿಯಿಂದ ಜಗಲಿಗೆ ಹೋಗುತ್ತಿತ್ತು. ಈಗ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿದೆ. ಅಡಕೆ ತೋಟದಲ್ಲಿ ಕತ್ತಿ ತಗುಲಿದರೂ, ಕೊಟ್ಟಿಗೆಯಲ್ಲಿ ಮೊಳೆ ಚುಚ್ಚಿದರೂ ಒಂದು ಚಿಟಿಕೆ ಅರಿಶಿನ ಮೆತ್ತಿ ಸುಮ್ಮನಾಗುವವರನ್ನು ಇಂದಿಗೂ ಕಾಣುತ್ತೇನೆ. ಇದನ್ನು ಪರಂಪರೆಯ ಮೇಲಿನ ಅಭಿಮಾನವೆಂದು ಹೊಗಳುವವರೊಡನೆ ನನ್ನ ತಕರಾರಿದೆ.

ಅವರು ಮೊದಲು ಎತ್ತುವುದು ಪೇಟೆಂಟಿನ ಪ್ರಸಂಗವನ್ನು. ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರವು 1995ರಲ್ಲಿ ಪೇಟೆಂಟ್ ಪಡೆಯಿತು. ಡಾ. ಮಾಶೇಲ್ಕರ್ ಅವರ ನೇತೃತ್ವದ ಸಿ.ಎಸ್.ಐ.ಆರ್. ಸಂಸ್ಥೆಯು ಹಳೆಯ ಗ್ರಂಥಾಧಾರಗಳನ್ನು ಮುಂದಿಟ್ಟು ಹೋರಾಡಿತು. 1997ರಲ್ಲಿ ಅದು ರದ್ದಾಯಿತು. ಹೆಮ್ಮೆಪಡೋಣ. ಆದರೆ ಅಲ್ಲಿ ಸಾಬೀತಾದದ್ದು 'ಇದು ಹೊಸದಲ್ಲ' ಎಂಬುದು ಮಾತ್ರ. 'ಇದೊಂದೇ ಸಾಕು' ಎಂಬುದಲ್ಲ.

ಅರಿಶಿನದಲ್ಲಿ ಗುಣವೇ ಇಲ್ಲವೆಂಬುದು ನನ್ನ ವಾದವಲ್ಲ. ಕರ್ಕ್ಯುಮಿನ್ ತೆಗೆದ ಬಳಿಕ ಉಳಿಯುವ ಅರಿಶಿನದ ಎಣ್ಣೆಯು ಹಲವು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುವುದೆಂದು ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು 1999ರಲ್ಲಿ ತೋರಿಸಿದರು. ಆದರೆ ಅದು ಪ್ರಯೋಗಶಾಲೆಯ ಮಾತು. ಮಣ್ಣು ಮೆತ್ತಿದ ಅಂಗಾಲಿನದಲ್ಲ. ಪುಡಿಯಲ್ಲಿ ಕರ್ಕ್ಯುಮಿನ್ ಇರುವುದೇ ನೂರಕ್ಕೆ ಸುಮಾರು 3 ಪಾಲು. ಅದೂ ನೀರಿನಲ್ಲಿ ಕರಗಲಾರದು. 2 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದರ ಸುಳಿವು ಸಿಗುವುದೇ ಕಷ್ಟವೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ 1998ರ ಅಧ್ಯಯನ ಕಂಡುಕೊಂಡಿತು.

ಧನುರ್ವಾಯುವಿನ ಬೀಜಾಣುಗಳು ಮಣ್ಣಿನಲ್ಲೂ ಸಗಣಿಯಲ್ಲೂ ಇರುತ್ತವೆ. ಗಾಳಿಯಾಡದ ಆಳವಾದ ಗಾಯದಲ್ಲಿ ಚಿಗುರುತ್ತವೆ. ಮೇಲೆ ಮೆತ್ತಿದ ಪುಡಿ ಅಲ್ಲಿಗೆ ಇಳಿಯುವುದೆಂತು? ಅಂಗಡಿಯ ಪುಡಿಯೂ ರೋಗಾಣುಮುಕ್ತವಲ್ಲ. ಬಣ್ಣ ಏರಿಸಲು ಮೆಟಾನಿಲ್ ಯೆಲ್ಲೋ, ಸೀಸದ ಕ್ರೋಮೇಟ್ ಬೆರೆಸುವವರೂ ಇದ್ದಾರೆ.

ಭಾರತವು ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿರ್ಮೂಲನ ಮಾಡಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ. ಅದನ್ನು ಸಾಧಿಸಿದ್ದು ಚುಚ್ಚುಮದ್ದು ಮತ್ತು ಶುಚಿಯಾದ ಹೆರಿಗೆ. ಅರಿಶಿನವಾದರೋ ಅದಕ್ಕೂ ಮೊದಲು ಮನೆಮನೆಯಲ್ಲಿ ಇದ್ದೇ ಇತ್ತು. ಕೂಸುಗಳು ಆಗಲೂ ಸಾಯುತ್ತಿದ್ದವು.

ಆದುದರಿಂದ ಓದುಗ ಮಿತ್ರರಲ್ಲಿ ನನ್ನ ವಿನಂತಿಯಿಷ್ಟೇ. ಅರಿಶಿನ ಸಾರಿಗಿರಲಿ, ಹೊಸ್ತಿಲಿಗಿರಲಿ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಯಿರಿ. ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದಿನ ವಿಚಾರ ಕೇಳಿರಿ. ತೋಟದ ಆಳುಗಳಿಗೂ ಇದನ್ನು ತಿಳಿಸಿರಿ. ಅವರ ಆ ದಿನದ ಕೂಲಿಯನ್ನು ಮಾತ್ರ ಮುರಿಯಬೇಡಿರಿ.