ಕಣ್ಣು ಕಾಣದವರು ಫೋನ್ ಬಳಸುವಾಗ ‘ಕೊಡಿ, ನಾನೇ ಒತ್ತುತ್ತೇನೆ’ ಎನ್ನುವುದು ಸಹಾಯವೇ?

ಕಣ್ಣು ಕಾಣದವರಿಗೆ ಟಚ್‌ಸ್ಕ್ರೀನ್ ಆಗಿಬರುವುದಿಲ್ಲ, ಅವರಿಗೆಂದೇ ಬೇರೆ ಫೋನ್ ಬೇಕು ಎಂದು ನಂಬಿದವರು ಬಹಳ. ಇದು ತಪ್ಪು. ಐಫೋನ್‌ನಲ್ಲಿ 2009ರಿಂದಲೂ ವಾಯ್ಸ್‌ಓವರ್ ಇದೆ, ಬಹುತೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಟಾಕ್‌ಬ್ಯಾಕ್ ಇದೆ. ಇವು ಸ್ಕ್ರೀನ್ ರೀಡರ್‌ಗಳು, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶಗಳು. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನ ಬಟನ್‌ನ ಹೆಸರು ಕೇಳಿಸುತ್ತದೆ, ಎರಡು ಸಲ ತಟ್ಟಿದರೆ ಅದು ತೆರೆದುಕೊಳ್ಳುತ್ತದೆ. ಪಳಗಿದವರು ಧ್ವನಿಯ ವೇಗವನ್ನು ಎಷ್ಟು ಏರಿಸಿರುತ್ತಾರೆಂದರೆ ನಮಗೆ ಒಂದು ಪದವೂ ಹಿಡಿಯುವುದಿಲ್ಲ.

ಆಪ್ ತಯಾರಿಸುವವರು ಅದನ್ನು ಜನರ ಕೈಗೆ ಕೊಟ್ಟು, ಎಲ್ಲಿ ತೊಡಕಾಗುತ್ತದೆ ಎಂದು ಪಕ್ಕದಲ್ಲಿ ಕೂತು ನೋಡುತ್ತಾರೆ. ಇಂಥ ಪರೀಕ್ಷೆಗೆ ಸ್ಕ್ರೀನ್ ರೀಡರ್ ಬಳಸುವವರು ಬಂದಾಗ ನಾವೂ ಎಡವಿದ್ದೇವೆ. ಮೊದಲ ಸಲ ನಮ್ಮದೇ ಫೋನ್ ಕೊಟ್ಟೆವು. ಧ್ವನಿ ಬೇರೆ, ವೇಗ ಬೇರೆ, ಭಾಷೆಯೂ ಬೇರೆ. ಅವರು ತಡವರಿಸಿದ್ದು ನಮ್ಮ ಫೋನಿನಿಂದ, ನಾವು ಬರೆದುಕೊಂಡದ್ದು ‘ಆಪ್ ಕಷ್ಟ’ ಎಂದು. ಈಗ ಅವರವರ ಫೋನನ್ನೇ ತರಲು ಹೇಳುತ್ತೇವೆ.

ಇನ್ನೊಂದು ರೂಢಿಯೂ ಇಲ್ಲಿ ನಡೆಯದು. ‘ಬಳಸುತ್ತಾ ನಿಮ್ಮ ಮನಸ್ಸಿಗೆ ತೋಚಿದ್ದನ್ನು ಹೇಳುತ್ತಾ ಹೋಗಿ’ ಎಂದು ಎಲ್ಲರಿಗೂ ಹೇಳುವುದುಂಟು. ಆದರೆ ಫೋನೇ ಮಾತಾಡುತ್ತಿರುವಾಗ ಅವರು ಮಾತಾಡುವುದು ಹೇಗೆ? ಒಂದು ಕೆಲಸ ಮುಗಿಯುವವರೆಗೆ ನಾವು ಬಾಯಿ ಮುಚ್ಚಿಕೊಂಡು, ಆಮೇಲೆ ಕೇಳಬೇಕು. ‘ಆ ಹಸಿರು ಬಟನ್ ಒತ್ತಿ’ ಎಂದರೂ ಪ್ರಯೋಜನವಿಲ್ಲ, ಬಟನ್‌ನ ಹೆಸರು ಹೇಳಬೇಕು.

ಅತಿ ದೊಡ್ಡ ತಪ್ಪು ಫೋನ್ ಕಸಿದುಕೊಳ್ಳುವುದು. ಆಪ್ ಬರೆದವರು ಬಟನ್‌ಗೆ ಹೆಸರು ಕೊಡದಿದ್ದರೆ ಸ್ಕ್ರೀನ್ ರೀಡರ್ ‘ಬಟನ್’ ಎಂದಷ್ಟೇ ಹೇಳುತ್ತದೆ. ಅದು ‘ಹಣ ಕಳಿಸಿ’ಯೋ ‘ರದ್ದು’ ಮಾಡುವುದೋ ತಿಳಿಯದು. ಆಗ ಪಕ್ಕದವರು ಒತ್ತಿಬಿಟ್ಟರೆ ಕೆಲಸ ಆಗುತ್ತದೆ, ಆಪ್‌ನ ದೋಷ ಮಾತ್ರ ದಾಖಲೆಗೆ ಸೇರುವುದಿಲ್ಲ. ಹಾಗೆಂದು ಅವರನ್ನು ಒದ್ದಾಡಲು ಬಿಡುವುದೂ ಸರಿಯಲ್ಲ. ಯಾವಾಗ ಸಹಾಯ ಬೇಕು ಎಂದು ಮೊದಲೇ ಕೇಳಿಟ್ಟುಕೊಳ್ಳುತ್ತೇವೆ. ಸಹಾಯ ಮಾಡಿದ್ದನ್ನು ಆಪ್ ಸೋತ ಜಾಗ ಎಂದೇ ಬರೆಯುತ್ತೇವೆ.

ಗುಟ್ಟಿನ ವಿಷಯವೂ ಇದೆ. ಸ್ಪೀಕರ್ ಆನ್ ಇದ್ದರೆ ಒಟಿಪಿ, ಮನೆಯವರ ಮೆಸೇಜ್, ಬ್ಯಾಂಕ್ ಬಾಕಿ ಎಲ್ಲವೂ ಕೋಣೆಗೇ ಕೇಳಿಸಬಹುದು. ಶುರುವಿಗೆ ಮೊದಲೇ ನೋಟಿಫಿಕೇಶನ್ ನಿಲ್ಲಿಸಿ, ಪರೀಕ್ಷೆಗೆಂದು ಬೇರೆ ಖಾತೆ ಕೊಡುವುದು ಒಳ್ಳೆಯದು.

ಇದೆಲ್ಲ ಕಂಪನಿಗಳ ಔದಾರ್ಯದ ಮಾತಲ್ಲ. ಬ್ಯಾಂಕ್, ಸಿಮ್ ಮುಂತಾದವುಗಳ ಡಿಜಿಟಲ್ ಕೆವೈಸಿಯಲ್ಲಿ ‘ಕಣ್ಣು ಮಿಟುಕಿಸಿ’ ಎಂದು ಕೇಳುವುದುಂಟು. ಆಸಿಡ್ ದಾಳಿಗೆ ಒಳಗಾದ ಅನೇಕರಿಗೂ ಕಣ್ಣು ಕಾಣದ ಅನೇಕರಿಗೂ ಇದು ಆಗದ ಇಲ್ಲವೇ ಕಷ್ಟದ ಕೆಲಸ. ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆಗಳನ್ನು ಬಳಸಲು ಆಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ಹೊಸ ಆಪ್‌ಗಳ ಪರೀಕ್ಷೆಯಲ್ಲಿ ಕಣ್ಣು ಕಾಣದವರನ್ನು ಸೇರಿಸಿಕೊಳ್ಳಬೇಕು ಎಂಬುದೂ ಅದರ ನಿರ್ದೇಶನಗಳಲ್ಲಿ ಒಂದು. ಹಾಗೆ ಕರೆಸಿ, ಅವರ ಬದಲು ನಾವೇ ಬಟನ್ ಒತ್ತಿದರೆ ಪರೀಕ್ಷೆ ಕಾಗದದ ಮೇಲಷ್ಟೇ ನಡೆದಂತೆ.

ಅಂದಹಾಗೆ, ಚಿತ್ರದೊಳಗೆ ಅಕ್ಷರ ಬರೆದ ಫಾರ್ವರ್ಡ್ ಬಂದಾಗ ಇವರಲ್ಲಿ ಅನೇಕರಿಗೆ ಕೇಳಿಸುವುದು ‘ಫೋಟೊ’ ಎಂದಷ್ಟೇ. ಈ ಲೇಖನವನ್ನು ಹಂಚುವುದಾದರೆ ಸ್ಕ್ರೀನ್‌ಶಾಟ್ ಬೇಡ, ಲಿಂಕ್ ಕಳಿಸಿ.