ಕಾರವಾರದ ಕಡಲು ಯಾರ ಪಾಲು?

ರಾಜಾಜಿನಗರ, ಮಾಗಡಿ ರಸ್ತೆಗಳ ನಮ್ಮ ಓದುಗರಿಗೆ ಕಡಲು ದೂರದ ಮಾತು. ಆದರೆ ಕಾರವಾರದ ಕಡಲತಡಿಯಲ್ಲಿ ನಡೆದದ್ದು ದುಡಿದು ಉಣ್ಣುವವರೆಲ್ಲರಿಗೂ ಸಂಬಂಧಪಟ್ಟ ಸಂಗತಿ.

ಕಾರವಾರದ ಬಳಿ ಅಂಜದೀವ ಎಂಬ ಪುಟ್ಟ ನಡುಗಡ್ಡೆಯಿದೆ. 1505ರಲ್ಲಿ ಪೋರ್ತುಗೀಜರು ಅಲ್ಲಿ ಕೋಟೆ ಕಟ್ಟಿದರು. 1961ರ ನವೆಂಬರಿನಲ್ಲಿ ಅಲ್ಲಿಂದ ನಮ್ಮ ಸಾಬರಮತಿ ಹಡಗಿನ ಮೇಲೆ ಗುಂಡು ಹಾರಿತು. ಹೊಟ್ಟೆಪಾಡಿಗೆ ಕಡಲಿಗಿಳಿದಿದ್ದ ಮೀನುಗಾರನೊಬ್ಬನೂ ಗುಂಡಿಗೆ ಬಲಿಯಾದ. ಡಿಸೆಂಬರ್ 18ರಂದು ಮೈಸೂರು, ತ್ರಿಶೂಲ್ ಯುದ್ಧನೌಕೆಗಳ ಬೆಂಬಲದಿಂದ ನಮ್ಮ ನಾವಿಕರು ನಡುಗಡ್ಡೆಗೆ ಇಳಿದರು. ಏಳು ಮಂದಿ ಪ್ರಾಣ ಕೊಟ್ಟರು. ಮರುದಿನ ಗೋವದ ಪೋರ್ತುಗೀಜರು ಶರಣಾದರು. ಆ ಏಳು ಜನರಿಗೆ ನಾವು ತಲೆಬಾಗುತ್ತೇವೆ.

ಅಂದು ರಣರಂಗವಾದ ಕಡಲು ಮುಂದೆ ನೌಕಾನೆಲೆಯಾಯಿತು. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲಿಟ್ಟರು. 2005ರಲ್ಲಿ ಕದಂಬ ನೌಕಾನೆಲೆ ಆರಂಭವಾಯಿತು. ಸುಮಾರು 11,000 ಎಕರೆ ನೆಲ ಅದರ ವಶಕ್ಕೆ ಹೋಯಿತು. ಅರ್ಗಾ, ಬಿಣಗಾ ಮೊದಲಾದ ಕಾರವಾರ, ಅಂಕೋಲಾ ತಾಲ್ಲೂಕುಗಳ 13 ಹಳ್ಳಿಗಳ ರೈತರೂ ಮೀನುಗಾರರೂ ಮನೆ, ಗದ್ದೆ, ದೋಣಿ ನಿಲ್ಲಿಸುವ ತಡಿ ಬಿಟ್ಟು ಹೊರಟರು. ಕೊಟ್ಟ ದರ ಸಾಲದೆಂದು ಕೋರ್ಟಿನ ಮೆಟ್ಟಿಲೇರಿದವರು ಹೆಚ್ಚುವರಿ ಪರಿಹಾರಕ್ಕಾಗಿ ದಶಕಗಳ ಕಾಲ ಅಲೆದರು. ಕಾಯುತ್ತಲೇ ಕಣ್ಣು ಮುಚ್ಚಿದ ಹಿರಿಯರ ಪಾಲನ್ನು ಯಾವ ಬಡ್ಡಿ ತುಂಬಿಕೊಡುತ್ತದೆ?

ಪೆಸಿಫಿಕ್ ಸಾಗರದ ಓಕಿನಾವದಲ್ಲಿ 1945ರಲ್ಲಿ ಘೋರ ಯುದ್ಧವಾಯಿತು. ಅಲ್ಲಿನ ರೈತರ ಹೊಲಗಳ ಮೇಲೆ ಅಮೆರಿಕದ ಸೇನಾನೆಲೆಗಳು ಇಂದಿಗೂ ನಿಂತಿವೆ. ಅಲ್ಲಿ ಕುಳಿತಿರುವುದು ಪರದೇಶದ ಸೈನ್ಯ. ಇಲ್ಲಿರುವುದು ನಮ್ಮದೇ ನೌಕಾಪಡೆ. ಹಾಗಿರುವಾಗ ನಮ್ಮ ಸರಕಾರದ ಹೊಣೆ ಇನ್ನೂ ಹೆಚ್ಚಿನದಲ್ಲವೇ?

ದೇಶಕ್ಕೆ ನೌಕಾನೆಲೆ ಬೇಡವೆಂದು ನಾವು ಹೇಳುವುದಿಲ್ಲ. ದೇಶರಕ್ಷಣೆ ಎಲ್ಲರ ಕೆಲಸ. ಅದರ ಖರ್ಚನ್ನು ಹದಿಮೂರು ಹಳ್ಳಿಗಳ ಬಡವರ ಲೆಕ್ಕಕ್ಕೆ ಬರೆಯಬಾರದು ಎನ್ನುತ್ತೇವೆ. ಅಂಗಡಿಯ ಬಾಕಿಯನ್ನು ಒಂದು ತಿಂಗಳು ತಡ ಮಾಡಿದರೆ ಸಣ್ಣ ವ್ಯಾಪಾರಿಯ ಗತಿಯೇನು? ಸಂಬಳ ಒಂದು ವಾರ ತಪ್ಪಿದರೆ ಗಿರಣಿ ಕಾರ್ಮಿಕನ ಒಲೆ ಉರಿಯುವುದೇ? ನಮ್ಮ ರಾಜಾಜಿನಗರದ ಬಡಾವಣೆಯೊಳಗೂ ಕೇತಮಾರನಹಳ್ಳಿಯ ಹೆಸರು ಉಳಿದಿದೆ. ಊರಿನ ಮೇಲೆ ಊರು ಬೆಳೆದಾಗ ಮೊದಲಿದ್ದವರ ಗತಿಯೇನೆಂದು ಕೇಳುವ ಹಕ್ಕು ನಮಗಿದೆ.

ಬಾಕಿ ಪರಿಹಾರವೆಲ್ಲ ಬಡ್ಡಿಸಹಿತ ಸಲ್ಲಲಿ. ನೆಲೆಯ ಕೆಲಸಗಳಲ್ಲಿ ನಿರಾಶ್ರಿತರ ಮಕ್ಕಳಿಗೆ ಮೊದಲ ಹಕ್ಕು ಸಿಗಲಿ. ಬಲೆ ಬೀಸಲು ಮೀನುಗಾರರಿಗೆ ಕಡಲು ಉಳಿಯಲಿ. ನೆಲ ಕೊಟ್ಟವರು ಭಿಕ್ಷೆ ಬೇಡುತ್ತಿಲ್ಲ. ಸಾಲ ವಸೂಲಿಗೆ ಬಂದಿದ್ದಾರೆ.