ತಕ್ಕಡಿ ಕೆಟ್ಟಿದ್ರೆ ಕೊಬ್ಬರಿಗೆ ಬೈಬೇಡಿ

ಟೆಸ್ಟ್ ಫೇಲ್ ಆಯ್ತಾ? ಇನ್ನೊಂದ್ಸಲ ಓಡಿಸಿ. ಪಾಸಾಯ್ತಾ? ‘ಫ್ಲೇಕಿ’ ಅಂತ ಲೇಬಲ್ ಹಚ್ಚಿ ಮರ್ಜ್ ಮಾಡಿ. ನಮ್ಮ ಇಂಡಸ್ಟ್ರಿಯಲ್ಲಿ ಇದಕ್ಕೆ ಎಂಜಿನಿಯರಿಂಗ್ ಅಂತಾರೆ. ನಾನು ಕಳ್ಳಾಟ ಅಂತೀನಿ.

ಹಿಂದೆ ನಾನಿದ್ದ ಕಂಪನಿಯಲ್ಲಿ ವರ್ಚುವಲ್ ಮಷೀನ್ ಓಡಿಸುವ ಸಾಫ್ಟ್‌ವೇರಿನ ಕೆಲಸ. ಅದರ ಟೈಮರ್ ಟೆಸ್ಟ್ ಒಂದು ಆಗಾಗ ಕೆಂಪಾಗ್ತಿತ್ತು. ಇಷ್ಟು ಹೊತ್ತಾದ ಮೇಲೆ ಎಬ್ಬಿಸು ಅಂದ್ರೆ ಟೈಮರ್ ತನಗೆ ಬೇಕಾದಾಗ ಎಬ್ಬಿಸ್ತಿತ್ತು. ಆ ಕೋಡನ್ನು ಕೊನೆಗೆ ಮುಟ್ಟಿದ್ದು ಒಬ್ಬ ಫ್ರೆಶರ್ ಹುಡುಗಿ. ಸರಿ, ತಪ್ಪು ಅವಳದ್ದೇ! ಎರಡು ವಾರ ಸ್ಟ್ಯಾಂಡಪ್‌ನಲ್ಲಿ ತಲೆ ತಗ್ಗಿಸಿ ನಿಂತಳು. ಕೊನೆಗೆ ಮ್ಯಾನೇಜರ್ ಅಪ್ಪಣೆ: ಮೂರು ರೀಟ್ರೈ ಹಾಕಿ ಮುಗಿಸಿ.

ಅವಳು ಮುಗಿಸಲಿಲ್ಲ. ಫೇಲ್ ಆದ ರನ್‌ಗಳು ಯಾವ್ಯಾವ ಮಷೀನಿನವು ಅಂತ ಪಟ್ಟಿ ಮಾಡಿದಳು. ಎಲ್ಲವೂ ಲ್ಯಾಬಿನ ಒಂದೇ ಮಾದರಿಯ ಹಳೇ ಸರ್ವರ್‌ಗಳು. ಆ ಪ್ರೊಸೆಸರಿನ ಎರಾಟಾ ಪಿಡಿಎಫ್ ತೆರೆದರೆ, ಟೈಮರ್ ಲೆಕ್ಕ ತಪ್ಪಬಹುದು ಅಂತ ತಯಾರಕರೇ ತಣ್ಣಗೆ ಒಪ್ಪಿಕೊಂಡಿದ್ದರು.

ನಮ್ಮಪ್ಪ ಕೊಬ್ಬರಿ ಮಾರೋಕೆ ಹೋದಾಗ ತೂಕ ಕಮ್ಮಿ ಬಂದ್ರೆ ಮೊದಲು ಖಾಲಿ ತಕ್ಕಡಿ ಎತ್ತಿ ನೋಡ್ತಿದ್ರು. ಬಿಇ ಓದಿದ ನಮಗೆ ಅಷ್ಟೂ ಹೊಳೆಯಲ್ಲ.

ಇದು ಅಪರೂಪವೂ ಅಲ್ಲ, ಒಂದೇ ಕಂಪನಿಯ ಕಥೆಯೂ ಅಲ್ಲ. ಇಂಟೆಲ್‌ನ ವಿಎಂಎಕ್ಸ್ ಪ್ರಿಎಂಪ್ಷನ್ ಟೈಮರ್ ಕೆಲವು ಚಿಪ್‌ಗಳಲ್ಲಿ ಹೇಳಿದ ವೇಗದಲ್ಲಿ ಇಳಿಯೋದೇ ಇಲ್ಲ. ಲಿನಕ್ಸಿನ ಕೆವಿಎಂ ಅಂಥ ಮಾದರಿಗಳ ಪಟ್ಟಿಯನ್ನು ಕೋಡಿನೊಳಗೇ ಇಟ್ಟುಕೊಂಡು, ಅವು ಸಿಕ್ಕರೆ ಆ ಟೈಮರನ್ನು ಮುಟ್ಟೋದಿಲ್ಲ. ಎಎಂಡಿಯ ಎರಾಟಮ್ 400 ನೋಡಿ: ಪ್ರೊಸೆಸರ್ ಸಿ1ಇ ನಿದ್ದೆಗೆ ಜಾರಿದ್ರೆ ಎಪಿಕ್ ಟೈಮರ್ರೂ ಜೊತೆಗೇ ಮಲಗುತ್ತೆ. 1994ರಲ್ಲಿ ಪೆಂಟಿಯಂ ಭಾಗಾಕಾರ ತಪ್ಪಿದಾಗ ಊರೆಲ್ಲ ಗಲಾಟೆಯಾಗಿ ಇಂಟೆಲ್ 47.5 ಕೋಟಿ ಡಾಲರ್ ತೆಗೆದಿಡಬೇಕಾಯ್ತು. ಟೈಮರ್ ತಪ್ಪಿದ್ರೆ ಪೇಪರಿನಲ್ಲಿ ಬರಲ್ಲ; ಫ್ರೆಶರ್‌ಗಳ ತಲೆ ಮೇಲೆ ಬರುತ್ತೆ.

ಬಹಳ ಸಲ ತಪ್ಪು ನಮ್ಮ ಕೋಡಿನದ್ದೇ, ಒಪ್ತೀನಿ. ‘ಇದನ್ನೆಲ್ಲ ಹುಡುಕೋಕೆ ಯಾರಿಗೆ ಟೈಮಿದೆ’ ಅನ್ನೋರಿಗೆ ಮಾತ್ರ ಒಂದು ಮಾತು. ಪ್ರತಿ ಟೆಸ್ಟ್ ಲಾಗ್‌ನಲ್ಲಿ ಸಿಪಿಯು ಮಾದರಿ, ಸ್ಟೆಪಿಂಗ್, ಮೈಕ್ರೋಕೋಡ್ ಆವೃತ್ತಿ ಬರೆಸೋಕೆ ನಾಲ್ಕು ಸಾಲು ಸಾಕು. ರೀಟ್ರೈ ಹಾಕಿದ್ರೆ ಟೆಸ್ಟ್ ಹಸಿರಾಗುತ್ತೆ, ಚಿಪ್ ರಿಪೇರಿ ಆಗಲ್ಲ. ಕಸ್ಟಮರ್ ಹತ್ರ ಅದೇ ಚಿಪ್ ಇದ್ರೆ, ರಾತ್ರಿ ಎರಡು ಗಂಟೆಗೆ ಅಲ್ಲಿ ರೀಟ್ರೈ ಒತ್ತೋರು ಯಾರು?

ಅಂದ ಹಾಗೆ, ಆ ವರ್ಷದ ಅಪ್ರೈಸಲ್‌ನಲ್ಲಿ ಆ ಹುಡುಗಿಗೆ ಸಿಕ್ಕ ಕಾಮೆಂಟ್: ‘ಡೆಲಿವರಿ ನಿಧಾನ.’